ಅಂಚಿಗೆ ಬಳೆ, ಒಳಗೆ ರಾಗಿ

ಜನ್ನಾಪುರದ ನಮ್ಮ ಮನೆಯಲ್ಲಿ ಎರಡು ಬ್ಲೇಡುಗಳಿದ್ದವು. ಅಪ್ಪನದು ಬಚ್ಚಲಿನ ಗೂಡಿನಲ್ಲಿ, ಸಾಬೂನಿನ ಪಕ್ಕ ಇರುತ್ತಿತ್ತು. ಅಮ್ಮನದು ಅಡಿಗೆಮನೆಯ ಕಿಟಕಿಯ ಮೇಲೆ, ಖಾಲಿಯಾದ ಹಲ್ಲುಪುಡಿಯ ಡಬ್ಬಿಯೊಳಗೆ, ಎಣ್ಣೆ ಸವರಿದ ಕಾಗದದಲ್ಲಿ ಸುತ್ತಿಕೊಂಡು ಮಲಗಿರುತ್ತಿತ್ತು. ಅಪ್ಪನ ಬ್ಲೇಡು ಗಡ್ಡಕ್ಕೆ. ಅಮ್ಮನದು ಗಿಡಗಳ ಕಾಂಡವನ್ನು ಅಡ್ಡಕ್ಕೆ, ಈರುಳ್ಳಿ ಸಿಪ್ಪೆಗಿಂತ ತೆಳ್ಳಗೆ ಕತ್ತರಿಸುವುದಕ್ಕೆ. ಅವಳು ಭದ್ರಾವತಿಯ ಒಂದು ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಲ್ಯಾಬಿನ ದಿನಗೂಲಿ ಅಟೆಂಡರ್ ಆಗಿದ್ದಳು. ಒಮ್ಮೆ ಅಜ್ಜಿ, ಅಂದರೆ ಅಪ್ಪನ ತಾಯಿ, ಕಾಲಿನ ಆಣಿ ಹೆರೆಯಲು ಆ ಡಬ್ಬಿಯಿಂದಲೇ ಬ್ಲೇಡು ತೆಗೆದುಕೊಂಡಳು. ಅಮ್ಮ ಅದನ್ನು ಬೆಳಕಿಗೆ ಹಿಡಿದು ನೋಡಿದಳು. ಅಂಚಿನಲ್ಲಿ ಬೇರೆಯವರ ಕಣ್ಣಿಗೆ ಕಾಣದಷ್ಟು ಸಣ್ಣ ಹಲ್ಲು ಬಿದ್ದಿತ್ತು. ಅಂದೇ ಅಂಗಡಿಗೆ ಹೋಗಿ ಹೊಸ ಬ್ಲೇಡು ತಂದಳು. ಅಜ್ಜಿ ಜಗಲಿಯ ಮೇಲೆ ಕೂತು, ಬೀದಿಯಲ್ಲಿ ಹೋಗುವವರಿಗೆಲ್ಲ ಕೇಳುವ ಹಾಗೆ ನನಗೆ ಹೇಳಿದಳು.

"ಕಾಲೇಜಲ್ಲಿ ಸೊಪ್ಪು ಹೆಚ್ಚೋಕೆ ಸಂಬಳ ಕೊಡ್ತಾರಂತೆ. ಅರವತ್ತು ವರ್ಷ ಹೆಚ್ಚಿದೀನಿ ನಾನು. ನಂಗೂ ಪಿಂಚಣಿ ಕೊಡ್ಸು ಅಂತ ಹೇಳು ನಿಮ್ಮಮ್ಮಂಗೆ."

ಮನೆ ಉದ್ದಕ್ಕಿತ್ತು. ಜಗಲಿ, ಅದರ ಹಿಂದೆ ನಾವೆಲ್ಲ ಮಲಗುತ್ತಿದ್ದ ಕೋಣೆ, ಅದರ ಹಿಂದೆ ಅಡಿಗೆಮನೆ, ಕೊನೆಗೆ ಹಿತ್ತಲು. ಮುಂಬಾಗಿಲಲ್ಲಿ ನಿಂತರೆ ಹಿತ್ತಲಿನ ತೊಗರಿಗಿಡ ಕಾಣುತ್ತಿತ್ತು, ಹಾಗೆಯೇ ಹಿತ್ತಲಲ್ಲಿ ನಿಂತು ಆಡಿದ ಮಾತು ಬೀದಿಗೆ ಕೇಳುತ್ತಿತ್ತು. ಗುಟ್ಟು ಇಟ್ಟುಕೊಳ್ಳಲು ಆ ಮನೆಯಲ್ಲಿ ಜಾಗವೇ ಇರಲಿಲ್ಲ. ಅಪ್ಪ ಕಾಗದದ ಕಾರ್ಖಾನೆಯ ಮರ ಪೇರಿಸುವ ಅಂಗಳದಲ್ಲಿ ಕೆಲಸ ಮಾಡುತ್ತಿದ್ದ. ಲಾರಿಯಿಂದ ಇಳಿಯುವ ಬಿದಿರು ಮತ್ತು ಮರದ ದಿಮ್ಮಿಗಳ ನಡುವೆ ದಿನವಿಡೀ ಓಡಾಡಿ, ಕೂದಲಲ್ಲಿ ಹೊಟ್ಟು ತುಂಬಿಕೊಂಡು ಬರುತ್ತಿದ್ದ. ಮಾತು ಕಡಿಮೆ. ಊಟಕ್ಕೆ ಕೂತಾಗ ಅವರಿಬ್ಬರ ನಡುವೆ ನಡೆಯುತ್ತಿದ್ದ ಮಾತುಕತೆಯಲ್ಲಿ ಅರ್ಧ ಕಾಂಡಗಳ ಬಗ್ಗೆಯೇ ಇರುತ್ತಿತ್ತೆಂದು ಈಗ ಅನ್ನಿಸುತ್ತದೆ. ದಿಮ್ಮಿಯ ಕೊಯ್ದ ಮುಖದಲ್ಲಿ ಬಳೆಯೊಳಗೆ ಬಳೆ ಕಾಣುತ್ತದೆ, ಬಿದಿರಿನ ಮುಖದಲ್ಲಿ ಬರೀ ಚುಕ್ಕಿ, ಅದು ಯಾಕೆ ಎಂದು ಅಪ್ಪ ಕೇಳುತ್ತಿದ್ದ. ಬಿದಿರು ಹುಲ್ಲಿನ ಜಾತಿ, ಅದಕ್ಕೆ ಬಳೆ ಇಲ್ಲ ಎಂದು ಅಮ್ಮ ಹೇಳುತ್ತಿದ್ದಳು. ಅಜ್ಜಿ ಸಾರು ಬಡಿಸುತ್ತ, ಬಳೆ ಇಲ್ಲದ್ದು ಬಿದಿರಿಗಲ್ಲ, ಈ ಮನೆ ಸೊಸೆಗೆ ಎನ್ನುತ್ತಿದ್ದಳು. ಲ್ಯಾಬಿನ ಗಾಜಿಗೆ ತಾಗಿ ಒಡೆಯುತ್ತವೆಂದು ಅಮ್ಮ ಕೆಲಸಕ್ಕೆ ಹೋಗುವಾಗ ಬಳೆ ತೆಗೆದಿಡುತ್ತಿದ್ದಳು. ಅಜ್ಜಿಗೆ ಅದು ದಿನವೂ ಕಣ್ಣಿಗೆ ಚುಚ್ಚುತ್ತಿತ್ತು.

ಅಮ್ಮ ಓದಿದ್ದು ಮೂರನೆಯ ತರಗತಿ. ಅಕ್ಷರ ಕೂಡಿಸಿ ಓದುತ್ತಿದ್ದಳು, ಬರೆಯುವ ಕೈ ಮಾತ್ರ ತಪ್ಪಿಹೋಗಿತ್ತು. ನೆಲ ಗುಡಿಸಲು, ಗಾಜು ತೊಳೆಯಲು ಅವಳನ್ನು ಲ್ಯಾಬಿಗೆ ಸೇರಿಸಿಕೊಂಡಿದ್ದರು. ಹುಡುಗರು ಕತ್ತರಿಸಿ ಬಿಸಾಡಿದ ಚೂರುಗಳನ್ನು ಗುಡಿಸುತ್ತ ಗುಡಿಸುತ್ತ, ಅವು ಯಾಕೆ ಹರಿದಿವೆ ಎಂದು ನೋಡಿ ಅವಳು ಕಲಿತಳು. ಕಾಂಡವನ್ನೂ ಬ್ಲೇಡನ್ನೂ ಒದ್ದೆ ಮಾಡಿಕೊಳ್ಳಬೇಕು. ಬ್ಲೇಡನ್ನು ಒತ್ತಬಾರದು, ಎಳೆಯಬೇಕು. ಕತ್ತರಿಸಿದ್ದನ್ನೆಲ್ಲ ನೀರಿನ ಬಟ್ಟಲಿಗೆ ಬಿಟ್ಟು, ಯಾವುದು ಕಾಣುವುದೇ ಇಲ್ಲವೋ ಅದನ್ನು ಕುಂಚದಿಂದ ಎತ್ತಿಕೊಳ್ಳಬೇಕು. ಎರಡು ವರ್ಷಗಳಲ್ಲಿ ಬಾಟನಿ ಮೇಷ್ಟ್ರೇ ತಮ್ಮ ತರಗತಿಗೆ ಬೇಕಾದ ಸೆಕ್ಷನ್ನುಗಳನ್ನು, ಅಂದರೆ ಆ ತೆಳು ಚೂರುಗಳನ್ನು, ಅವಳ ಕೈಯಲ್ಲಿ ಮಾಡಿಸಿಕೊಳ್ಳತೊಡಗಿದರು. ಏಕದಳ, ದ್ವಿದಳ, ನಾಳಕೂರ್ಚ ಎಂಬ ಪುಸ್ತಕದ ಮಾತು ಅವಳ ಬಾಯಲ್ಲಿ ನಿಲ್ಲುತ್ತಿರಲಿಲ್ಲ. ಅವಳು ತನ್ನದೇ ಹೆಸರಿಟ್ಟಿದ್ದಳು. ಕಾಂಡದೊಳಗೆ ನೀರು ಮತ್ತು ಆಹಾರ ಹರಿಯುವ ಕೊಳವೆಗಳ ಗೊಂಚಲುಗಳು ಅಂಚಿನುದ್ದಕ್ಕೂ ದುಂಡಗೆ ಕೂತಿದ್ದರೆ ಅದು ಬಳೆ. ಸೂರ್ಯಕಾಂತಿ ಬಳೆ, ಅವರೆ ಬಳೆ, ಎರಡು ಬೇಳೆಯ ಬೀಜದ್ದೆಲ್ಲ, ಅಂದರೆ ದ್ವಿದಳವೆಲ್ಲ, ಬಳೆ. ಗೊಂಚಲುಗಳು ಒಳಗೆಲ್ಲ ಚೆಲ್ಲಾಪಿಲ್ಲಿಯಾಗಿ ಹರಡಿದ್ದರೆ ಅದು ರಾಗಿ, ನೆಲದ ಮೇಲೆ ರಾಗಿ ಚೆಲ್ಲಿದ ಹಾಗೆ. ಮೆಕ್ಕೆಜೋಳ ರಾಗಿ, ಹುಲ್ಲು ರಾಗಿ, ಏಕದಳವೆಲ್ಲ ರಾಗಿ. ಹುಡುಗರಿಗೂ ಅದೇ ಅಂಟಿಕೊಂಡಿತ್ತು. ಕಣ್ಣನ್ನು ಸೂಕ್ಷ್ಮದರ್ಶಕಕ್ಕೆ ಇಟ್ಟುಕೊಂಡೇ ಕೇಳುತ್ತಿದ್ದರಂತೆ:

"ಗಿರಿಜಕ್ಕ, ಬಳೆನಾ ರಾಗಿನಾ?"

"ಕಣ್ಣು ನಿಂದು, ನೀನೇ ಹೇಳು ಮಾರಾಯ."

ಆ ವರ್ಷ ನನಗೆ ಹನ್ನೆರಡು. ಅಮ್ಮನ ಕೆಲಸ ಕಾಯಂ ಆಗುವ ಮಾತು ನಡೆದಿತ್ತು. ಪಿಯುಸಿ ಹುಡುಗರ ಪ್ರಾಯೋಗಿಕ ಪರೀಕ್ಷೆಗೆ ದ್ವಿದಳದ ಕಾಂಡ ಬೇಕೆಂದು ಅವಳು ಹಿತ್ತಲಲ್ಲಿ ಸೂರ್ಯಕಾಂತಿ ಬೆಳೆಸಿದ್ದಳು. ಪರೀಕ್ಷೆಯ ದಿನ ಬೆಳಿಗ್ಗೆ ನೋಡಿದರೆ ಪಕ್ಕದ ಮನೆಯ ಹಸು ಬೇಲಿ ದಾಟಿ ಬಂದು ಸಾಲಿಗೆ ಸಾಲನ್ನೇ ಮೇದು ಹೋಗಿತ್ತು. ಉಳಿದದ್ದು ಮೋಟು. ಬಸ್ಸಿಗೆ ಹೊತ್ತಾಗಿತ್ತು. ಅಮ್ಮ ಮೋಟುಗಳನ್ನು ಒಂದೊಂದಾಗಿ ಬಗ್ಗಿ ನೋಡಿದಳು. ಬಳಿಕ ಪಕ್ಕದ ಪಾತಿಯಲ್ಲಿ ಹುಳಿಗೆಂದು ಬೆಳೆದಿದ್ದ ಕೆಂಪು ದಂಟನ್ನು, ಬೆರಳಿನಷ್ಟು ದಪ್ಪದ್ದನ್ನು ಆರಿಸಿ, ಬುಡದಿಂದ ಕೊಯ್ದು ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡಳು. ಹರಿವೆ ಸೊಪ್ಪಿನ ಜಾತಿಯ ಆ ಗಿಡ ಮೊಳೆಯುವಾಗ ಎರಡು ಎಲೆ ಬಿಡುತ್ತದೆ. ಪ್ರತಿ ಮಳೆಗಾಲ ಪಾತಿ ಸಡಿಲಿಸುವಾಗ ಅವಳು ಅದನ್ನು ಕಂಡವಳು. ಎರಡು ಎಲೆ ಎಂದರೆ ಎರಡು ಬೇಳೆ, ಅಂದ ಮೇಲೆ ಬಳೆಯೇ ಇರಬೇಕು ಎಂದುಕೊಂಡಳು. ಕತ್ತರಿಸಿ ನೋಡಲಿಲ್ಲ. ಅವಳ ಜೀವನದಲ್ಲಿ ನೋಡದೆ ಹೆಸರಿಟ್ಟದ್ದು ಅದೊಂದೇ ಸಲ ಎಂದು ನಾನು ನಂಬಿದ್ದೇನೆ.

ಲ್ಯಾಬಿನಲ್ಲಿ ನಡೆದದ್ದನ್ನು ನಾನು ಕಂಡಿಲ್ಲ. ಅಮ್ಮ ಅಂದು ಸಂಜೆ ಹೇಳಿದ್ದನ್ನು, ಹೇಳಿದಷ್ಟನ್ನು ಮಾತ್ರ ಬರೆಯುತ್ತಿದ್ದೇನೆ. ಹುಡುಗರಿಗೆಲ್ಲ ಒಂದೊಂದು ತುಂಡು ಕೊಟ್ಟಳು. ಅವರು ಕತ್ತರಿಸಿದರು, ಬಣ್ಣ ಹಾಕಿದರು, ನೋಡಿದರು. ನೋಡಿದ ಒಬ್ಬೊಬ್ಬರಿಗೂ ಚೆಲ್ಲಿದ ರಾಗಿ ಕಂಡಿತು. ಎಲ್ಲರೂ ಏಕದಳ ಎಂದು ಬರೆದರು. ಅವಳೇ ಕಲಿಸಿದ ಗುರುತು ಅದು. ಶಿವಮೊಗ್ಗದಿಂದ ಬಂದಿದ್ದ ಪರೀಕ್ಷಕರು ಹುಟ್ಟಿದ್ದು ಹಾವೇರಿ ಕಡೆ. ಕಾಲೇಜು ಮೊದಲೇ ಕೊಟ್ಟಿದ್ದ ಸರಿಯುತ್ತರದ ಹಾಳೆಯಲ್ಲಿ ದ್ವಿದಳ ಎಂದಿದ್ದನ್ನು ಕಂಡು, ತಾವೂ ಒಮ್ಮೆ ಬಗ್ಗಿ ನೋಡಿ, ಅಮ್ಮನನ್ನು ಕರೆದರು.

"ಏನ್ ಇಟ್ಟೀಯಬೇ ಹುಡುಗರಿಗೆ?"

"ದಂಟು ಸಾರ್."

"ದಂಟ? ದಂಟ ಇಟ್ರ ಏಕದಳ ಅಂತ ಬರೀದ ಮತ್ತೇನ್ ಬರೀತಾವ?"

ಅವರ ಊರಿನಲ್ಲಿ ದಂಟು ಎಂದರೆ ಜೋಳದ ದಂಟು, ದನಕ್ಕೆ ಹಾಕುವುದು. ನಮ್ಮಲ್ಲಿ ದಂಟು ಎಂದರೆ ಹುಳಿಗೆ ಹಾಕುವುದು. ಅಮ್ಮ ನಿಜ ಹೇಳಿದ್ದಳು, ಅವರು ಅದನ್ನು ತಪ್ಪೊಪ್ಪಿಗೆ ಎಂದು ಕೇಳಿಸಿಕೊಂಡರು. ಅವಳು ಸೊಪ್ಪಿನ ದಂಟು ಎಂದು ಬಿಡಿಸಿ ಹೇಳುವಷ್ಟರಲ್ಲಿ ಅವರು ಆಚೆ ಹೋಗಿ ಪ್ರಿನ್ಸಿಪಾಲರ ಹತ್ತಿರ ಮಾತು ಮುಗಿಸಿದ್ದರು. ಹುಡುಗರದೇನೂ ತಪ್ಪಿಲ್ಲ, ಎಲ್ಲರಿಗೂ ಅಂಕ ಕೊಡೋಣ, ಸಾಮಾನು ಅದಲುಬದಲಾಯಿತೆಂದು ಅಟೆಂಡರ್ ಕೈಲಿ ಒಂದು ಕಾಗದ ತೆಗೆದುಕೊಂಡುಬಿಡಿ ಎಂದಿದ್ದರು. ಎಲ್ಲರೂ ಹೊರಟ ಮೇಲೆ ಅಮ್ಮ ಒಬ್ಬಳೇ ಕೂತು, ಉಳಿದ ತುಂಡನ್ನು ತನ್ನ ಬ್ಲೇಡಿನಿಂದ ಕತ್ತರಿಸಿ ನೋಡಿದಳು. ಮನೆಗೆ ಬಂದಾಗ ಅವಳ ಬೆರಳ ತುದಿ ಬಣ್ಣದಿಂದ ಕೆಂಪಾಗಿತ್ತು.

"ಅಂಚಿಗೆ ಬಳೆ ಇದೆ ಶಶಿ," ಎಂದು ನನಗೆ ಹೇಳಿದಳು. "ಒಳಗೆ ರಾಗಿನೂ ಇದೆ. ಎರಡೂ ಇದೆ. ನಾನು ಇಷ್ಟು ದಿನ ಹುಡುಗರಿಗೆ ಹೇಳಿದ್ದು ಅರ್ಧ."

ಅವಳ ದನಿಯಲ್ಲಿ ದುಃಖಕ್ಕಿಂತ ಬೆರಗು ಹೆಚ್ಚಿತ್ತು. ಅಡಿಗೆಮನೆಯ ಹೊಸ್ತಿಲ ಮೇಲೆ ಕೂತು ಇನ್ನೊಂದು ದಂಟು ಕೊಯ್ದು, ಅದರ ಮುಖವನ್ನು ನನ್ನ ಕಣ್ಣಿನ ಹತ್ತಿರ ಹಿಡಿದಳು. ಬರಿಗಣ್ಣಿಗೂ ಕಾಣುತ್ತಿತ್ತು. ಸಿಪ್ಪೆಯ ಒಳಗೆ ಒತ್ತೊತ್ತಾಗಿ ಕೂತ ಸಣ್ಣ ಚುಕ್ಕಿಗಳ ಸುತ್ತು, ಅದರೊಳಗಿನ ಬೆಂಡಿನಲ್ಲಿ ದೂರ ದೂರ ಬಿದ್ದ ದೊಡ್ಡ ಚುಕ್ಕಿಗಳು. ಮರುದಿನ ಅವಳು ಒಂದು ತೆಂಗಿನ ಚಿಪ್ಪಿಗೆ ಮಣ್ಣು ತುಂಬಿ, ಅಜ್ಜಿಯ ಬೀಜದ ಗಂಟಿನಿಂದ ಒಂದು ಚಿಟಿಕೆ ದಂಟಿನ ಬೀಜ ತೆಗೆದು ಉದುರಿಸಿ, ಕಿಟಕಿಯಲ್ಲಿಟ್ಟಳು. ಅದೇ ದಿನ ಕಾಲೇಜಿನ ಗುಮಾಸ್ತರು ಟೈಪು ಮಾಡಿದ ಹಾಳೆಯೊಂದನ್ನು ಅವಳ ಕೈಗೆ ಕೊಟ್ಟು, ಸೋಮವಾರದೊಳಗೆ ರುಜು ಹಾಕಿ ತರಬೇಕು ಎಂದಿದ್ದರು. ಅಮ್ಮ ಅದನ್ನು ಅಕ್ಷರ ಕೂಡಿಸಿ ಓದಿದಳು. ದಿನಗೂಲಿ ಅಟೆಂಡರ್ ಆದ ನಾನು ಪ್ರಾಯೋಗಿಕ ಪರೀಕ್ಷೆಯಲ್ಲಿ ದ್ವಿದಳ ಸಸ್ಯದ ಕಾಂಡದ ಬದಲು ಅಜಾಗರೂಕತೆಯಿಂದ ಜೋಳದ ದಂಟನ್ನು ಇಟ್ಟಿರುತ್ತೇನೆ, ಇದು ನನ್ನ ತಪ್ಪು, ಇನ್ನು ಮುಂದೆ ಹೀಗಾಗದಂತೆ ನೋಡಿಕೊಳ್ಳುತ್ತೇನೆ. 'ಅಜಾಗರೂಕತೆ' ಅವಳಿಗೆ ಎರಡು ಸಲ ತಪ್ಪಿತು. 'ಜೋಳ' ತಪ್ಪಲಿಲ್ಲ. ಅಲ್ಲಿಗೆ ಬಂದು ಬೆರಳು ನಿಲ್ಲಿಸಿದಳು.

ಆ ಹಾಳೆ ಮೂರು ದಿನ ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿಕೊಂಡು ಇತ್ತು. ಮನೆಯಲ್ಲಿ ಅದರದೇ ಜಗಳ. ಶನಿವಾರ ಮಧ್ಯಾಹ್ನ ಅಜ್ಜಿ ಬೇಕೆಂದೇ ದಂಟಿನ ಹುಳಿ ಮಾಡಿದಳು. ಎಲ್ಲರ ತಟ್ಟೆಗೂ ತುಂಡು ಬಡಿಸಿ, ಅಮ್ಮನ ತಟ್ಟೆಗೆ ಮಾತ್ರ ಒಂದು ಹೆಚ್ಚಿಗೆ ಹಾಕಿದಳು.

"ತಿನ್ನಮ್ಮ. ನೋಡಿ ತಿನ್ನು. ಒಳಗೆ ಜೋಳ ಗೀಳ ಇದ್ದೀತು."

ಅಪ್ಪ ನಗಲಿಲ್ಲ. ತುಂಡನ್ನು ಜಗಿದು ನಾರನ್ನು ತಟ್ಟೆಯ ಅಂಚಿಗೆ ಇಡುತ್ತಿದ್ದ.

"ಒಂದು ರುಜು, ಮಾರಾಯ್ತಿ. ಹಾಕಿ ಬಿಸಾಕು."

"ಜೋಳ ಇಟ್ಟಿಲ್ಲ ನಾನು."

"ಇಟ್ಟೆ ಅಂತ ಬರೆದ್ರೆ ನಿಂಗೇನಾಗುತ್ತೆ? ಮೈ ಸವೆಯುತ್ತಾ?"

"ನೋಡದೆ ಇಟ್ಟೆ ಅಂತ ಬರೀಲಿ, ಈಗ್ಲೇ ಹಾಕ್ತೀನಿ. ಅದು ನನ್ನ ತಪ್ಪೇ. ಜೋಳ ಅಂತ ಬರೆದ್ರೆ ಹಾಕಲ್ಲ."

"ಯಾರು ಓದ್ತಾರೆ ಅದನ್ನ? ಫೈಲಿಗೆ ಸೇರುತ್ತೆ, ಜಿರಳೆ ತಿನ್ನುತ್ತೆ."

"ಜಿರಳೆಗಾದ್ರೂ ಸುಳ್ಳು ಯಾಕೆ ತಿನ್ನಿಸ್ಬೇಕು?"

ಅಪ್ಪ ತಟ್ಟೆಯಲ್ಲೇ ಕೈ ತೊಳೆದು ಎದ್ದ. ಅನ್ನ ಮುಗಿದಿರಲಿಲ್ಲ. ಅಪ್ಪ ಊಟ ಬಿಟ್ಟು ಎದ್ದುದನ್ನು ನಾನು ಕಂಡದ್ದು ಅದೇ ಮೊದಲು. ಅವನು ಕೆಟ್ಟವನಲ್ಲ. ಕಾಯಂ ಆಗುವ ಕೆಲಸವೊಂದು ಒಂದು ಪದಕ್ಕಾಗಿ ಕೈತಪ್ಪುವುದು ಅವನಿಗೆ ಅರ್ಥವಾಗುತ್ತಿರಲಿಲ್ಲ. ನನಗೂ ಆಗುತ್ತಿರಲಿಲ್ಲ. ಕೊಯ್ದ ದಂಟಿನ ಮುಖ ನೋಡಿದ್ದ ನನ್ನ ಕಣ್ಣಿಗೆ ಅಮ್ಮ ಸರಿ ಎಂದು ಗೊತ್ತಿತ್ತು, ಅಪ್ಪ ಬಿಟ್ಟುಹೋದ ಅನ್ನವನ್ನು ನೋಡಿದ ಕಣ್ಣೂ ನನ್ನದೇ ಆಗಿತ್ತು.

ಭಾನುವಾರ ಬಾಟನಿ ಮೇಷ್ಟ್ರು ಮನೆಗೆ ಬಂದರು. ಹಿಂದೆಂದೂ ಹಾಗೆ ಬಂದವರಲ್ಲ ಅವರು. ಅಜ್ಜಿ ಜಗಲಿಯ ಚಾಪೆ ಕೊಡವಿ ಹಾಕಿದಳು. ಕಾಫಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಅಮ್ಮನ ಮುಖ ನೋಡದೆ ಅವರು ಮಾತನಾಡಿದರು. ನಾನು ಬಾಗಿಲ ಸಂದಿಯಲ್ಲಿದ್ದೆ. ಅವರು ಆಡಿದ್ದನ್ನು ನಾನು ಅಕ್ಷರಕ್ಕೆ ಅಕ್ಷರ ಬರೆಯಬಲ್ಲೆ.

"ನೀವು ಹೇಳೋದು ಸರಿ ಗಿರಿಜಮ್ಮ. ದಂಟು ದ್ವಿದಳಾನೇ. ಉತ್ತರಾಣಿ ಗಿಡಾನೂ ಹಾಗೇ, ಒಳಗೂ ಚದುರಿರುತ್ತೆ. ಆದ್ರೆ ಅದೆಲ್ಲ ಡಿಗ್ರಿಗೆ ಬರೋದು. ಪಿಯುಸಿಗೆ ಅದಿಲ್ಲ."

"ದಂಟಿಗೆ ಗೊತ್ತಾ ಸಾರ್, ತಾನು ಪಿಯುಸಿಲಿ ಇಲ್ಲ ಅಂತ?"

ಮೇಷ್ಟ್ರು ಸ್ವಲ್ಪ ನಕ್ಕರು. ಆ ನಗುವಿನಲ್ಲಿ ಗೆಲುವಿರಲಿಲ್ಲ.

"ಪರೀಕ್ಷಕರ ಮುಂದೆ ನಾನೂ ಸುಮ್ನೆ ಇದ್ದುಬಿಟ್ಟೆ. ಅವರು ಹಿರಿಯರು. ಈಗ ಹೋಗಿ ತಪ್ಪು ಅಂದ್ರೆ ಪರೀಕ್ಷೆ ಮತ್ತೆ ಮಾಡ್ಬೇಕಾಗುತ್ತೆ. ನೀವೊಂದು ರುಜು ಹಾಕಿದ್ರೆ ಎಲ್ಲರಿಗೂ ಒಳ್ಳೇದು. ನಿಮಗೂ."

"ಜೋಳ ಅನ್ನೋದನ್ನ ಹೊಡೆದುಹಾಕಿ ಕೊಡಿ ಸಾರ್."

"ಹೊಡೆದುಹಾಕಿದ್ರೆ ಆ ಕಾಗದಕ್ಕೆ ಅರ್ಥ ಏನು ಉಳಿಯುತ್ತೆ ಹೇಳಿ."

"ಅದೇ ನಾನೂ ಹೇಳೋದು," ಎಂದಳು ಅಮ್ಮ. ಲೋಟ ತೆಗೆದುಕೊಂಡು ಒಳಗೆ ಹೋದಳು. ಬಟ್ಟೆಯ ಬುಟ್ಟಿ ಎತ್ತಿಕೊಂಡು ಹಿತ್ತಲ ಬಾಗಿಲಿನಿಂದ ನಲ್ಲಿಯ ಕಡೆಗೆ ಹೊರಟೇಹೋದಳು. ಮನೆಗೆ ಬಂದ ಮೇಷ್ಟ್ರನ್ನು ಹಾಗೆ ಬಿಟ್ಟು ಹೋಗುವುದು ನಮ್ಮ ಬೀದಿಯಲ್ಲಿ ಯಾರೂ ಮಾಡುವ ಕೆಲಸವಲ್ಲ.

ಮುಂದಿನದನ್ನು ಬರೆಯುವಾಗ ಕೈ ನಿಲ್ಲುತ್ತದೆ. ಆದ್ದರಿಂದ ಇನ್ನೂ ನಿಧಾನವಾಗಿ ಬರೆಯುತ್ತೇನೆ. ಅಮ್ಮನಿಗೆ ರುಜು ಹಾಕಲು ಕಲಿಸಿದವಳು ನಾನು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಹಾಜರಿ ಪುಸ್ತಕದಲ್ಲಿ ಅವಳು ಹೆಬ್ಬೆಟ್ಟು ಒತ್ತುತ್ತಿದ್ದಳು. ಆಗ ಎರಡನೆಯ ತರಗತಿಯಲ್ಲಿದ್ದ ನಾನು ನನ್ನ ಸ್ಲೇಟಿನ ಮೇಲೆ ಗಿರಿಜಮ್ಮ ಎಂದು ಬರೆದು ಕೊಟ್ಟೆ. ಅವಳು ಅದನ್ನೇ ತಿದ್ದಿ ತಿದ್ದಿ ಕಲಿತಳು. ಗಕಾರದ ಗುಡಿಸು ದೊಡ್ಡದು, ಮಕಾರದ ಒತ್ತು ಕೆಳಗಿನ ಗೆರೆ ದಾಟುತ್ತದೆ. ನನ್ನ ಎಳೆಯ ಕೈಯ ಬರಹ ಅವಳ ರುಜುವಾಯಿತು. ನಾನು ಬೆಳೆಯುತ್ತ ನನ್ನ ಅಕ್ಷರ ಬದಲಾಯಿತು, ಅವಳದು ಹಾಗೆಯೇ ಉಳಿಯಿತು. ಆ ಭಾನುವಾರ ಮೇಷ್ಟ್ರು ಚಪ್ಪಲಿ ಹಾಕಿಕೊಳ್ಳುತ್ತಿದ್ದಾಗ, ಅಪ್ಪ ಗೋಡೆಯ ಕಡೆ ಮುಖ ಮಾಡಿ ನಿಂತಿದ್ದಾಗ, ನಾನು ಕ್ಯಾಲೆಂಡರಿನ ಹಿಂದಿನಿಂದ ಹಾಳೆ ತೆಗೆದೆ. ಅಡಿಗೆಮನೆಯ ನೆಲದ ಮೇಲಿಟ್ಟು, ನನ್ನ ಹಳೆಯ ಅಕ್ಷರವನ್ನು ನೆನಪು ಮಾಡಿಕೊಂಡು ರುಜು ಹಾಕಿದೆ. ಒಂದು ನಿಮಿಷವೂ ಹಿಡಿಯಲಿಲ್ಲ. ಓಡಿಹೋಗಿ ಬೀದಿಯ ತಿರುವಿನಲ್ಲಿ ಮೇಷ್ಟ್ರಿಗೆ ಕೊಟ್ಟೆ.

"ಅಮ್ಮ ಒಪ್ಪಿದ್ರಾ ಪುಟ್ಟಿ?"

"ಹೂಂ ಸಾರ್."

ಅವರು ಹಾಳೆ ನೋಡಿದರು. ನನ್ನ ಮುಖ ನೋಡಿದರು. ಮಡಿಸಿ ಜೇಬಿನಲ್ಲಿಟ್ಟುಕೊಂಡರು.

ಹಾಳೆ ಕ್ಯಾಲೆಂಡರಿನ ಹಿಂದೆ ಇಲ್ಲದ್ದನ್ನು ಅಮ್ಮ ಅಂದೇ ಕಂಡಳು. ಅಪ್ಪ ಅದನ್ನು ರುಜುವಿಲ್ಲದೆ ಮೇಷ್ಟ್ರಿಗೆ ಹಿಂದಕ್ಕೆ ಕೊಟ್ಟಿರಬೇಕು ಎಂದುಕೊಂಡಳು. ಅಪ್ಪ ಅವಳೇ ರುಜು ಹಾಕಿ ಕಳಿಸಿದ್ದಾಳೆ ಎಂದುಕೊಂಡ. ಇಬ್ಬರೂ ಕೇಳಲಿಲ್ಲ. ಒಂದೂವರೆ ದಿನ ಮನೆಯಲ್ಲಿ ನೆಮ್ಮದಿ ಇತ್ತು. ಅಪ್ಪ ಬರುವಾಗ ಮಂಡಕ್ಕಿ ಖಾರ ತಂದ. ಅಜ್ಜಿ ಸೊಸೆಯ ತಲೆಗೆ ಎಣ್ಣೆ ಹಚ್ಚಲು ತಾನಾಗಿಯೇ ಕೂತಳು. ನಾನು ಮಾಡಿದ್ದು ಒಳ್ಳೆಯದೇ ಎಂದು ನನಗೆ ನಿಜವಾಗಿ ಅನ್ನಿಸಿತ್ತು. ಮಂಗಳವಾರ ಮಧ್ಯಾಹ್ನ ಅಮ್ಮ ಹೊತ್ತಿಗೆ ಮೊದಲೇ ಮನೆಗೆ ಬಂದಳು. ಕಾಲು ತೊಳೆಯದೆ ನಡುಮನೆಯವರೆಗೆ ಬಂದು ನಿಂತಳು. ಗುಮಾಸ್ತರು, ಒಳ್ಳೇ ಕೆಲಸ ಮಾಡಿದ್ರಿ ಬಿಡಿ ಎಂದು ನಕ್ಕು, ಫೈಲಿನಲ್ಲಿದ್ದ ಹಾಳೆಯನ್ನು ತೋರಿಸಿದ್ದರು. ಅವಳ ಕಣ್ಣು ಮೊದಲು ಅಪ್ಪನ ಕಡೆ ಹೋಯಿತು. ರಾತ್ರಿ ಪಾಳಿಯಿದ್ದುದರಿಂದ ಅವನು ಮನೆಯಲ್ಲಿದ್ದ.

"ನಾನಲ್ಲ," ಎಂದ ಅಪ್ಪ. "ನೀನೇ ಹಾಕಿದೆ ಅಂದ್ಕೊಂಡಿದ್ದೆ."

"ನಂಗೆ ಅ ಆನೇ ಬರಲ್ಲ," ಎಂದಳು ಅಜ್ಜಿ, ಯಾರೂ ಕೇಳುವ ಮೊದಲೇ.

ಉಳಿದವಳು ನಾನೊಬ್ಬಳು. ಅಮ್ಮ ಹೊಡೆಯಲಿಲ್ಲ. ನೆಲದ ಮೇಲೆ ಕೂತು, ನನ್ನ ಬಲಗೈಯನ್ನು ತನ್ನ ಮಡಿಲಿಗೆ ಎಳೆದುಕೊಂಡು, ಅದು ಯಾರ ಕೈಯೋ ಎಂಬಂತೆ ಹಿಂದೆ ಮುಂದೆ ತಿರುಗಿಸಿ ನೋಡಿದಳು. ನಾನು ಅಳುತ್ತಿದ್ದೆ. ನಾಳೆ ಯೂನಿಫಾರ್ಮ್ ಹಾಕ್ಕೊಂಡು ನನ್ನ ಜೊತೆ ಬಾ ಎಂದಳು, ಅಷ್ಟೇ.

"ಮಗೂನ ಅಲ್ಲಿಗೆಲ್ಲ ಯಾಕೆ ಎಳೀತೀಯ," ಎಂದ ಅಪ್ಪ. "ಆಗಿದ್ದು ಆಯ್ತಲ್ಲ. ಕಾಯಂ ಆಗುತ್ತೆ ಈಗ."

"ಯಾರು ಕಾಯಂ ಆಗೋದು? ಜೋಳ ಇಟ್ಟವಳು. ಅವಳು ನಾನಲ್ಲ."

ಬುಧವಾರ ಬೆಳಿಗ್ಗೆ ಜನ್ನಾಪುರದಲ್ಲಿ ಬಸ್ಸು ಹತ್ತಿದೆವು. ಅಮ್ಮನ ಮಡಿಲಲ್ಲಿ ತೆಂಗಿನ ಚಿಪ್ಪು ಇತ್ತು. ಬೀಜ ಮೊಳೆತಿತ್ತು. ಕೆಂಪು ದಾರದಂಥ ಕಾಂಡ, ಪ್ರತಿಯೊಂದರ ತುದಿಯಲ್ಲೂ ಎದುರುಬದುರಾಗಿ ಎರಡು ಸಪೂರ ಎಲೆ. ಗುಂಡಿ ಬಂದಾಗಲೆಲ್ಲ ಅವಳು ಅಂಗೈಯನ್ನು ಚಿಪ್ಪಿನ ಮೇಲೆ ಚಾವಣಿಯಂತೆ ಹಿಡಿಯುತ್ತಿದ್ದಳು. ಪ್ರಿನ್ಸಿಪಾಲರ ಕೋಣೆಯಲ್ಲಿ ಪ್ರಿನ್ಸಿಪಾಲರು, ಗುಮಾಸ್ತರು, ಬಾಟನಿ ಮೇಷ್ಟ್ರು ಮೂವರೂ ಇದ್ದರು. ಅಮ್ಮ ಚಿಪ್ಪನ್ನು ಮೇಜಿನ ಮೇಲೆ, ಫೈಲುಗಳ ಪಕ್ಕದಲ್ಲಿಟ್ಟಳು.

"ಇದೇನಮ್ಮ, ಆಫೀಸಿಗೆ ಸೊಪ್ಪು ತಂದಿದ್ದೀರಾ?" ಎಂದರು ಪ್ರಿನ್ಸಿಪಾಲರು.

"ದಂಟು ಸಾರ್. ನಾನು ಇಟ್ಟಿದ್ದು ಇದು. ಎರಡು ಎಲೆ ಇದೆ ನೋಡಿ. ಆ ಕಾಗದ ನಂದಲ್ಲ."

"ನಿಮ್ಮದೇ ರುಜು ಇದೆಯಲ್ಲಮ್ಮ," ಎಂದರು ಗುಮಾಸ್ತರು. ಹಾಜರಿ ಪುಸ್ತಕ ತೆರೆದು ಪಕ್ಕದಲ್ಲಿಟ್ಟು ತೋರಿಸಿದರು. ಎರಡಕ್ಕೂ ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ.

"ನನ್ನ ರುಜುವೇ ಸಾರ್. ನಾನು ಹಾಕಿದ್ದಲ್ಲ."

ಪ್ರಿನ್ಸಿಪಾಲರು ಕನ್ನಡಕ ತೆಗೆದರು. ಅಮ್ಮ ನನ್ನ ಕಡೆ ತಿರುಗಲಿಲ್ಲ. ಬೆನ್ನ ಹಿಂದೆ ಕೈಯಿಟ್ಟು ನನ್ನನ್ನು ಮುಂದಕ್ಕೆ ತಳ್ಳಲೂ ಇಲ್ಲ. ಕಾದಳು. ಹೇಳದೆ ಇರುವ ಅವಕಾಶ ನನಗೆ ಇತ್ತು, ಅದನ್ನು ಅವಳು ನನಗೆ ಬಿಟ್ಟಿದ್ದಳು.

"ನಾನು ಹಾಕಿದ್ದು," ಎಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ. ಇನ್ನೊಮ್ಮೆ ಹೇಳಿದೆ. "ಅಮ್ಮನಿಗೆ ಗೊತ್ತಿಲ್ಲದೆ ನಾನು ಹಾಕಿದ್ದು."

"ಇದು ಎಂಥ ಮಾತು ಗೊತ್ತಾ ಗಿರಿಜಮ್ಮ?" ಎಂದರು ಪ್ರಿನ್ಸಿಪಾಲರು. " ಬರಹದಲ್ಲಿ ಕೊಟ್ರೆ ನಿಮ್ಮ ಮಗಳ ಮೇಲೆ ಬರುತ್ತೆ. ಸುಮ್ನೆ ಮನೆಗೆ ಹೋಗಿ. ಇದನ್ನೆಲ್ಲ ನಾನು ಕೇಳಿಸಿಕೊಂಡಿಲ್ಲ ಅಂದ್ಕೋತೀನಿ."

ಅಮ್ಮ ಮೇಷ್ಟ್ರ ಕಡೆ ನೋಡಿದಳು.

"ನೀವು ಹೇಳಿ ಸಾರ್. ಇದು ಬಳೆನಾ ರಾಗಿನಾ?"

ಮೇಷ್ಟ್ರು ಚಿಪ್ಪನ್ನು ಕೈಗೆ ತೆಗೆದುಕೊಂಡರು. ಆ ಎಲೆಗಳನ್ನು ಬಹಳ ಹೊತ್ತು ನೋಡಿದರು. ಅವರ ಕಿವಿ ಕೆಂಪಾದದ್ದು ನನಗೆ ನೆನಪಿದೆ. ಚಿಪ್ಪನ್ನು, ಅದು ಒಡೆದೀತೆಂಬಂತೆ, ಮೆಲ್ಲಗೆ ಮೇಜಿನ ಮೇಲಿಟ್ಟರು. ಕಿಟಕಿಯ ಕಡೆ ತಿರುಗಿಕೊಂಡರು.

"ಒಂದು ಬಿಳಿ ಹಾಳೆ ಕೊಡಿ," ಎಂದಳು ಅಮ್ಮ ಗುಮಾಸ್ತರಿಗೆ. ಯಾಕೆ ಕೊಟ್ಟರೋ, ಅವರು ಕೊಟ್ಟರು. ಆಮೇಲೆ ನನಗೆ, "ನಾನು ಹೇಳ್ತೀನಿ, ನೀನು ಬರಿ. ನಿನ್ನ ಈಗಿನ ಅಕ್ಷರದಲ್ಲಿ ಬರಿ."

ಮೇಜಿನ ಮೂಲೆಯಲ್ಲಿ ನಿಂತುಕೊಂಡೇ ಬರೆದೆ. ಅವಳು ಒಂದೊಂದು ಪದವನ್ನೂ ಬಿಡಿಬಿಡಿಯಾಗಿ ಹೇಳಿದಳು. ನಾನು ಇಟ್ಟದ್ದು ಜೋಳದ ದಂಟಲ್ಲ. ನಮ್ಮ ಹಿತ್ತಲಿನ ಸೊಪ್ಪಿನ ದಂಟು. ಮೊಳೆಯುವಾಗ ಅದಕ್ಕೆ ಎರಡು ಎಲೆ. ಕತ್ತರಿಸಿದರೆ ಅಂಚಿಗೆ ಬಳೆ ಇದೆ, ಒಳಗೆ ರಾಗಿ ಇದೆ. ಕತ್ತರಿಸಿ ನೋಡದೆ ಇಟ್ಟದ್ದು ನನ್ನ ತಪ್ಪು. ಅಷ್ಟೇ ನನ್ನ ತಪ್ಪು. ಇನ್ನೊಂದು ಕಾಗದದ ರುಜು ನನ್ನ ಕೈಯದಲ್ಲ. 'ಬಳೆ' ಎಂದು ಬರೆಯಲೋ 'ನಾಳಕೂರ್ಚ' ಎಂದು ಬರೆಯಲೋ ಎಂದು ನಾನು ತಲೆಯೆತ್ತಿದೆ. ನಾನು ಹೇಳಿದ್ದು ಬರಿ ಎಂದಳು. ನನ್ನ ಹೆಸರನ್ನು ಅವಳು ಹೇಳಲಿಲ್ಲ. ಅದಕ್ಕೆ ನಾನೇ ಕೊನೆಯಲ್ಲಿ, ಅದನ್ನು ಹಾಕಿದವಳು ಮಗಳು ಶಶಿಕಲಾ ಎಂದು ಸೇರಿಸಿದೆ. ಅವಳು ಓದಿದಳು, ಅಲ್ಲಿ ಬೆರಳಿಟ್ಟಳು, ಹೊಡೆದುಹಾಕಲಿಲ್ಲ. ಗುಮಾಸ್ತರು ಪೆನ್ನು ಚಾಚಿದರು. ಅಮ್ಮ ಅದನ್ನು ಮುಟ್ಟದೆ, ಅವರ ಮೇಜಿನ ಮೇಲಿದ್ದ ಮಸಿಯ ಪ್ಯಾಡನ್ನು ತನ್ನ ಕಡೆಗೆ ಎಳೆದುಕೊಂಡು, ಹೆಬ್ಬೆಟ್ಟು ಒತ್ತಿದಳು.

"ರುಜು ಬರುತ್ತಲ್ಲ ನಿಮಗೆ," ಎಂದರು ಗುಮಾಸ್ತರು.

"ಅದನ್ನ ಯಾರು ಬೇಕಾದ್ರೂ ಹಾಕ್ಬಹುದು ಸಾರ್."

ಬೇಸಿಗೆ ರಜೆ ಮುಗಿದ ಮೇಲೆ ಕಾಲೇಜಿನವರು ಅವಳನ್ನು ಕರೆಯಲಿಲ್ಲ. ಹುಡುಗರಿಗೆ ಅಂಕ ಸಿಕ್ಕಿತು, ಯಾವ ಕಾಗದದ ಬಲದಿಂದ ಎಂದು ನನಗೆ ಗೊತ್ತಿಲ್ಲ. ನನ್ನ ಮೇಲೆ ಏನೂ ಬರಲಿಲ್ಲ. ಅಪ್ಪ ತಿಂಗಳುಗಟ್ಟಲೆ ಮುಖ ಗಂಟಿಕ್ಕಿಕೊಂಡಿದ್ದ. ಒಂದು ಸಂಜೆ ಕಾರ್ಖಾನೆಯಿಂದ ಬರುವಾಗ ಅಂಗೈಯಗಲದ ಬಿದಿರಿನ ಬಿಲ್ಲೆಯೊಂದನ್ನು ತಂದು, ಇದರ ಒಳಗೆ ಏನಿದೆ ನೋಡಿ ಹೇಳು ಎಂದು ಅಮ್ಮನ ಮುಂದಿಟ್ಟ. ಅವರಿಬ್ಬರ ಮಾತು ಹಾಗೆ ಮತ್ತೆ ಶುರುವಾಯಿತು. ನಾನು ಬೆಳೆದು ಶಿವಮೊಗ್ಗದ ಒಂದು ಆಸ್ಪತ್ರೆಯಲ್ಲಿ, ರೋಗಿಗಳ ದೇಹದಿಂದ ತೆಗೆದ ತುಣುಕುಗಳನ್ನು ತೆಳ್ಳಗೆ ಕತ್ತರಿಸಿ ಗಾಜಿನ ಮೇಲೆ ಕೂರಿಸುವ ಕೆಲಸಕ್ಕೆ ಸೇರಿದೆ. ಅಮ್ಮ ಈಗ ಹೊಸಮನೆ ಬಡಾವಣೆಯಲ್ಲಿ ನನ್ನ ಜೊತೆಗೇ ಇದ್ದಾಳೆ. ಗಾಜಿನ ಮೇಲೆ ಹೆಸರು ಬರೆಯುವಾಗ ನಾನು ಬಹಳ ನಿಧಾನ ಎಂದು ಹೊಸ ಹುಡುಗಿಯರು ಬೈದುಕೊಳ್ಳುತ್ತಾರೆ. ಬೈದುಕೊಳ್ಳಲಿ.

ಕಾಲೇಜಿನ ಆ ಫೈಲು ಈಗಲೂ ಯಾವುದಾದರೂ ಕಪಾಟಿನಲ್ಲಿ ಇರಬಹುದು. ತೆರೆದವರಿಗೆ ಅಟೆಂಡರ್ ಗಿರಿಜಮ್ಮನ ಎರಡು ಕಾಗದ ಸಿಗುತ್ತವೆ. ಒಂದಕ್ಕೊಂದು ಹೊಂದುವುದಿಲ್ಲ. ಮೊದಲನೆಯದು ಟೈಪು ಮಾಡಿದ್ದು, ಚೊಕ್ಕವಾಗಿದೆ, ಕೆಳಗೆ ರುಜು ಇದೆ, ಯಾವ ಕಚೇರಿಯೂ ಅದನ್ನು ನಂಬುತ್ತದೆ. ಎರಡನೆಯದು ಹನ್ನೆರಡು ವರ್ಷದ ಹುಡುಗಿಯ ಅಕ್ಷರದಲ್ಲಿದೆ, ಒಂದು ಕಡೆ ಮಸಿ ಹರಡಿದೆ, ಬಳೆ, ರಾಗಿ ಎಂದೆಲ್ಲ ಬರೆದಿದೆ. ಅದಕ್ಕೆ ರುಜು ಹಾಕಿದ ಕೈಯೂ ಇದನ್ನು ಬರೆದ ಕೈಯೂ ನನ್ನದೇ ಆದ್ದರಿಂದ ಹೇಳುತ್ತಿದ್ದೇನೆ: ಮೊದಲನೆಯದು ಸುಳ್ಳು.